ಹಾಲೂಡಿಸುವ ತಾಯಿಗೆ ಊರಿನಲ್ಲಿ ಜಾಗವಿಲ್ಲವೇ?

ಜಗತ್ತಿನಲ್ಲಿಯೇ ಅತ್ಯಂತ ಉದ್ದವಾದ ರೈಲ್ವೆ ಪ್ಲಾಟ್‌ಫಾರ್ಮು ನಮ್ಮ ಹುಬ್ಬಳ್ಳಿಯಲ್ಲಿದೆ. ಅದರ ಉದ್ದ ೧೫೦೭ ಮೀಟರು. ೨೦೨೩ರ ಮಾರ್ಚ್ ೧೨ರಂದು ಪ್ರಧಾನಮಂತ್ರಿಗಳು ಅದನ್ನು ದೇಶಕ್ಕೆ ಅರ್ಪಿಸಿದರು. ಊರಿನವರು ಹೆಮ್ಮೆಪಟ್ಟರು, ನಾವೂ ಪಟ್ಟೆವು. ಆದರೆ ಆ ಒಂದೂವರೆ ಕಿಲೋಮೀಟರಿನಲ್ಲಿ ಒಬ್ಬ ಹಸಿ ಬಾಣಂತಿ ಯಾರಿಗೂ ಅಂಜದೆ, ಯಾರ ನೋಟಕ್ಕೂ ಕುಗ್ಗದೆ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹಾಲು ಕುಡಿಸಬಲ್ಲ ಜಾಗ ಎಷ್ಟು ಮೊಳ ಇದೆ? ಈ ಅಳತೆಯನ್ನು ಯಾವ ಉದ್ಘಾಟನೆಯ ಕಲ್ಲಿನ ಮೇಲೂ ಕೆತ್ತುವುದಿಲ್ಲ. ಇದು ರೈಲ್ವೆಯವರಿಗೆ ಮಾತ್ರ ಕೇಳುವ ಪ್ರಶ್ನೆಯೂ ಅಲ್ಲ. ಹಳೇ ಬಸ್ ನಿಲ್ದಾಣ, ಗೋಕುಲ ರಸ್ತೆಯ ನಿಲ್ದಾಣ, ಧಾರವಾಡದ ಸಿ.ಬಿ.ಟಿ., ದುರ್ಗದಬೈಲು, ಜನತಾ ಬಜಾರು, ದವಾಖಾನೆಯ ಪಡಸಾಲೆ, ರೇಶನ್ ಅಂಗಡಿಯ ಮುಂದಿನ ಪಾಳಿ, ಎಲ್ಲ ಕಡೆಗೂ ಈ ಪ್ರಶ್ನೆ ಹೊಂದುತ್ತದೆ.

ಇದೇನು, ಪಕ್ಷದ ಪತ್ರಿಕೆಯ ಅಗ್ರಲೇಖನಕ್ಕೆ ತಕ್ಕ ವಿಷಯವೇ, ಇದು ಬಾಣಂತಿ ಕೋಣೆಯ ಮಾತು ಎಂದು ಕೆಲವು ಮಿತ್ರರು ಮೂಗು ಮುರಿಯಬಹುದು. ಅವರಿಗೆ ನಾವು ಡಾ. ರಾಮಮನೋಹರ ಲೋಹಿಯಾ ಅವರನ್ನು ನೆನಪಿಸುತ್ತೇವೆ. ಹಳ್ಳಿಯ ಹೆಣ್ಣುಮಕ್ಕಳಿಗೆ ಶೌಚಕ್ಕೆ ಮರೆಯಿಲ್ಲ, ಒಲೆಯ ಹೊಗೆಯಿಂದ ಅವರ ಕಣ್ಣು ಹಾಳಾಗುತ್ತಿವೆ ಎಂಬ ಮಾತನ್ನು ರಾಜಕೀಯದ ಪ್ರಶ್ನೆಯನ್ನಾಗಿ ಎತ್ತಿ ಹಿಡಿದವರು ಅವರು. ಅಂದು ಕೂಡ ದೊಡ್ಡವರು ನಕ್ಕಿದ್ದರು. ಹೆಣ್ಣಿನ ದೇಹಕ್ಕೆ ಆಗುವ ಕಷ್ಟ ರಾಜಕೀಯವಲ್ಲ ಎನ್ನುವವರು ಸಮಾಜವಾದದ ಮೊದಲನೆಯ ಪಾಠವನ್ನೇ ಓದಿಲ್ಲ.

ವಿಷಯಕ್ಕೆ ಬರೋಣ. ಹುಟ್ಟಿದ ಕೂಸಿನ ಹೊಟ್ಟೆ ಬಹಳ ಚಿಕ್ಕದು. ಹಗಲು ರಾತ್ರಿ ಕೂಡಿ ಎಂಟರಿಂದ ಹನ್ನೆರಡು ಸಲ ಅದಕ್ಕೆ ಹಾಲು ಬೇಕು. ಅದಕ್ಕೆ ಗಡಿಯಾರ ತಿಳಿಯುವುದಿಲ್ಲ, ಬಸ್ಸಿನ ವೇಳಾಪಟ್ಟಿ ತಿಳಿಯುವುದಿಲ್ಲ. ಬಾಣಂತಿ ಮನೆಯಲ್ಲಿಯೇ ಇರಲಿ ಎನ್ನುವವರು ಒಂದು ಮಾತನ್ನು ಮರೆಯುತ್ತಾರೆ. ಆಕೆಯನ್ನು ಹೊರಗೆ ಕರೆಯುವುದು ಸರಕಾರವೇ. ಒಂದೂವರೆ ತಿಂಗಳಿಗೆ, ಎರಡೂವರೆ ತಿಂಗಳಿಗೆ, ಮೂರೂವರೆ ತಿಂಗಳಿಗೆ ಕೂಸಿಗೆ ಲಸಿಕೆ ಹಾಕಿಸಬೇಕು. ಕೂಸಿಗೆ ಜಡ್ಡಾದರೆ ಕುಂದಗೋಳ, ಕಲಘಟಗಿ, ನವಲಗುಂದದ ಕಡೆಯಿಂದ ಕಿಮ್ಸ್ ದವಾಖಾನೆಗೆ ಬರಬೇಕು. ತವರಿನಿಂದ ಗಂಡನ ಮನೆಗೆ ಹೋಗಬೇಕು, ದೇವರಿಗೆ ಹೋಗಬೇಕು, ಸಂತೆಗೆ ಹೋಗಬೇಕು, ಕೂಲಿಗೆ ಹೋಗಬೇಕು. ೨೦೨೩ರ ಜೂನ್ ೧೧ರಿಂದ ಸರಕಾರದ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಖರ್ಚಿಲ್ಲ. ಬಡವರ ಮನೆಯ ಹೆಣ್ಣುಮಕ್ಕಳು ದಾರಿಗೆ ಬಂದಿದ್ದಾರೆ. ಇದು ಒಳ್ಳೆಯದು. ಆದರೆ ತಾಯಿಗೆ ಬಸ್ಸು ಕೊಟ್ಟು, ಕೂಸಿನ ಹಸಿವೆಯನ್ನು ಮನೆಯಲ್ಲಿ ಬಿಟ್ಟು ಬಾ ಎಂದರೆ ಹೇಗೆ?

ಈಗ ನಡೆಯುವುದೇನು ಎಂಬುದನ್ನು ನಮ್ಮ ಓದುಗರೆಲ್ಲ ಬಲ್ಲರು. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತು ಕಿಲೋಮೀಟರಿನ ಮೇಲೆ ದಾರಿ. ನಡುವೆ ಕೂಸು ಅಳುತ್ತದೆ. ಮಂದಿ ತಿರುಗಿ ನೋಡುತ್ತಾರೆ. “ಕೂಸು ಅಳಾಕತ್ತೈತಿ, ಸುಮ್ಮನ ಮಾಡವಾ” ಎನ್ನುತ್ತಾರೆ. ಆಕೆ ಸೆರಗು ಸರಿಮಾಡಿಕೊಂಡು ಹಾಲು ಕುಡಿಸಲು ಹೋದರೆ ಅದೇ ಮಂದಿ, “ಇಷ್ಟು ಮಂದ್ಯಾಗ ನಾಚಿಕಿ ಬ್ಯಾಡೇನು?” ಎನ್ನುತ್ತಾರೆ. ಅತ್ತರೂ ತಪ್ಪು, ಅಳು ನಿಲ್ಲಿಸಿದರೂ ತಪ್ಪು! ಚೊಚ್ಚಲ ಬಾಣಂತಿ ಏನು ಮಾಡಬೇಕು? ಕೆಲವರು ಕೂಸನ್ನು ಎತ್ತಿಕೊಂಡು ಶೌಚಾಲಯದ ಬಾಗಿಲ ಹಿಂದೆ ನಿಂತು ಕುಡಿಸುತ್ತಾರೆ. ನಾವು ನೀವು ಒಂದು ತುತ್ತು ಉಣ್ಣಲೊಪ್ಪದ ಜಾಗದಲ್ಲಿ ಕೂಸಿನ ಊಟ! ಕೆಲವರು ಹೊರಡುವ ಮೊದಲು ಬಾಟಲಿ ತುಂಬಿಕೊಳ್ಳುತ್ತಾರೆ. ಕೆಲವರು ಹೊರಡುವುದನ್ನೇ ಬಿಡುತ್ತಾರೆ.

ಈ ನಾಚಿಕೆ ನಮ್ಮ ಹಳೆಯ ಸಂಪ್ರದಾಯ ಎಂದು ಹೇಳುವವರಿದ್ದಾರೆ. ಯಾರ ಸಂಪ್ರದಾಯ? ಕಳೆ ತೆಗೆಯಲು ಹೋದ ಹೆಂಗಸು ಬದುವಿನ ಮೇಲೆ ಕುಳಿತು ಕೂಸಿಗೆ ಮೊಲೆ ಕೊಟ್ಟಿದ್ದಾಳೆ. ಬುಟ್ಟಿ ಹೊತ್ತು ಸಂತೆಗೆ ಬಂದವಳು ಕಾಯಿಪಲ್ಲೆಯ ರಾಶಿಯ ಹಿಂದೆ ಕುಳಿತು ಒಂದು ಕೈಯಲ್ಲಿ ತಕ್ಕಡಿ ಹಿಡಿದು, ಇನ್ನೊಂದು ಕೈಯಲ್ಲಿ ಕೂಸನ್ನು ಹಿಡಿದು ಹಾಲು ಕುಡಿಸಿದ್ದಾಳೆ. ಜಾತ್ರೆಗೆ ಬಂದವರು ಮಠದ ಅಂಗಳದಲ್ಲಿ ಕುಡಿಸಿದ್ದಾರೆ. ನಮ್ಮ ಕಡೆಯ ಕುಪ್ಪಸಕ್ಕೆ ಮುಂದೆ ಗಂಟು. ಇಳಕಲ್ಲ ಸೀರೆಗೆ ಅಗಲವಾದ ಸೆರಗು. ದುಡಿಯುವ ತಾಯಿಯ ಉಡುಗೆಯೇ ಹಾಲೂಡಿಸಲು ಒಗ್ಗುವಂತಿದೆ. ಅದನ್ನು ಕಂಡು ಯಾರೂ ಬೆಚ್ಚಿಬಿದ್ದಿರಲಿಲ್ಲ. ಹೆಂಗಸು ಹೊರಗೆ ಕಾಣಬಾರದೆಂಬುದು ಉಂಡು ಮಲಗಲು ದೊಡ್ಡ ಮನೆ ಇದ್ದವರ ರೀತಿ. ಅದನ್ನೇ ಮರ್ಯಾದೆಯೆಂದು ತಿಳಿದು ನಾವು ಎರಡು ಕೋಣೆಯ ಚಾಳಿಗೆ ತಂದುಕೊಂಡೆವು. ಈಗ ಸಾಲಿ ಕಲಿತ ಸೊಸೆ ಅಜ್ಜಿಗಿದ್ದ ಧೈರ್ಯವನ್ನು ಕಳೆದುಕೊಂಡಿದ್ದಾಳೆ. ಅದು ಆಕೆಯ ದೋಷವಲ್ಲ. ಆಕೆಯ ಧೈರ್ಯವನ್ನು ನಾವೆಲ್ಲ ಕೂಡಿ ಕಸಿದುಕೊಂಡಿದ್ದೇವೆ.

ಇದರಿಂದ ಆಗುವ ಹಾನಿ ನಾಚಿಕೆಯಲ್ಲಿ ಮುಗಿಯುವುದಿಲ್ಲ. ಎದೆಹಾಲು ಕೊಡದಲ್ಲಿ ತುಂಬಿಟ್ಟ ನೀರಿನಂತಲ್ಲ, ಬಾವಿಯ ಒರತೆಯಂತೆ. ಸೇದಿದಷ್ಟೂ ಊರುತ್ತದೆ, ಸೇದದಿದ್ದರೆ ಕುಂದುತ್ತದೆ. ಕೂಸು ಚೀಪಿದಷ್ಟು ಹಾಲು ಹುಟ್ಟುವಂತೆ ತಾಯಿಯ ದೇಹ ಏರ್ಪಾಡಾಗಿದೆ. ಹೊರಗೆ ಹೋದಾಗ ಒಂದು ಸಲ ತಪ್ಪಿಸಿ, ಮತ್ತೊಂದು ಸಲ ಬಾಟಲಿ ಕೊಟ್ಟು ರೂಢಿಯಾದರೆ ಎದೆಹಾಲು ತಾನಾಗಿ ಕಡಿಮೆಯಾಗುತ್ತದೆ. ಇನ್ನೊಂದು ಮಾತು. ತಾಯಿ ಅಂಜಿ ಮುದುಡಿ ಕುಳಿತರೆ ಇದ್ದ ಹಾಲೂ ತಡವಾಗಿ ಇಳಿಯುತ್ತದೆ. ಮನಸ್ಸು ಹಗುರಾದರೆ ಸರಾಗವಾಗಿ ಬರುತ್ತದೆ. ಇದು ವೈದ್ಯಶಾಸ್ತ್ರದ ಮಾತು. ಹಾಲು ಕುಡಿಸುವುದನ್ನು ಮಂದಿ ನೋಡಿದರೆ ದೃಷ್ಟಿ ತಾಗಿ ಹಾಲು ಬತ್ತುತ್ತದೆ ಎಂದು ನಮ್ಮ ಹಿರಿಯ ಹೆಣ್ಣುಮಕ್ಕಳು ಹೇಳುತ್ತಾರೆ. ಅವರನ್ನು ನಾವು ಹಾಸ್ಯ ಮಾಡುವುದಿಲ್ಲ. ಆದರೆ ಹಾಲು ಬತ್ತುವುದು ಕಂಡವರ ಕಣ್ಣಿನಿಂದಲ್ಲ, ಕೂಸು ಕುಡಿಯದೆ ಉಳಿದುದರಿಂದ. ಕಣ್ಣಿನಿಂದ ಹಾನಿಯಾಗುವುದು ನಿಜವಾದರೆ ಅದು ಎವೆಯಿಕ್ಕದೆ ದಿಟ್ಟಿಸುವ ಗಂಡಸಿನ ಕಣ್ಣಿನಿಂದ.

ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು ಕೊಡಬೇಕು, ಆರು ತಿಂಗಳ ತನಕ ನೀರನ್ನೂ ಕೊಡದೆ ಎದೆಹಾಲೊಂದನ್ನೇ ಕೊಡಬೇಕು, ಆಮೇಲೆ ಬೇರೆ ಊಟದ ಸಂಗಡ ಎರಡು ವರ್ಷ ಮತ್ತು ಅದಕ್ಕೂ ಮುಂದೆ ಕುಡಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳೊಳಗಿನ ನೂರು ಕೂಸುಗಳಲ್ಲಿ ಹೀಗೆ ಎದೆಹಾಲೊಂದರ ಮೇಲೆಯೇ ಇದ್ದವು ಸುಮಾರು ೬೪. ಉಳಿದ ೩೬ ಕೂಸುಗಳ ತಾಯಂದಿರಿಗೆಲ್ಲ ಹಾಲಿರಲಿಲ್ಲವೆಂದು ನಾವು ನಂಬುವುದಿಲ್ಲ. ಪುರಸತ್ತು, ಜಾಗ, ಧೈರ್ಯ ಇವುಗಳಲ್ಲಿ ಯಾವುದೋ ಒಂದು ಇರಲಿಲ್ಲ. ನಿಜವಾಗಿಯೂ ಹಾಲು ಸಾಲದ, ಇಲ್ಲವೇ ರೋಗದಿಂದ ಕುಡಿಸಲಾಗದ ತಾಯಂದಿರೂ ಇದ್ದಾರೆ. ಅವರು ವೈದ್ಯರ ಸಲಹೆಯಂತೆ ನಡೆಯಲಿ. ಅವರನ್ನು ಆಡಿಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ತಾಯಿಯ ನಾಚಿಕೆಯಿಂದ ಲಾಭವಾಗುವುದು ಯಾರಿಗೆ? ಡಬ್ಬಿಯ ಹಾಲಿನ ಪುಡಿ ಮಾರುವ ಕಂಪನಿಗಳಿಗೆ. ೧೯೭೦ರ ದಶಕದಲ್ಲಿ ಬಡ ದೇಶಗಳ ತಾಯಂದಿರಿಗೆ ಈ ಪುಡಿಯ ರುಚಿ ಹತ್ತಿಸಿದ ಕಥೆ ಲೋಕಕ್ಕೆಲ್ಲ ತಿಳಿಯಿತು. ಶುದ್ಧ ನೀರಿಲ್ಲದ ಮನೆಯಲ್ಲಿ ಬಾಟಲಿ, ಡಬ್ಬಿ ಬಹಳ ದಿನ ಬರಲೆಂದು ನೀರು ಹೆಚ್ಚು ಹಾಕಿದ ಹಾಲು, ಅದರಿಂದ ಭೇದಿ, ಅದರಿಂದ ಸಾವು. ೧೯೭೭ರಲ್ಲಿ ಅಮೇರಿಕೆಯ ಜನರು ನೆಸ್ಲೆ ಕಂಪನಿಯ ಮಾಲನ್ನು ಬಹಿಷ್ಕರಿಸಿದರು. ೧೯೮೧ರಲ್ಲಿ ವಿಶ್ವ ಆರೋಗ್ಯ ಸಭೆ ಇಂಥ ಮಾರಾಟಕ್ಕೆ ನಿಯಮಗಳನ್ನು ಹಾಕಿಕೊಟ್ಟಿತು. ಭಾರತ ಸರಕಾರ ೧೯೯೨ರಲ್ಲಿ ಕಾಯ್ದೆ ಮಾಡಿ, ೨೦೦೩ರಲ್ಲಿ ಅದನ್ನು ಬಿಗಿಗೊಳಿಸಿತು. ಕೂಸಿನ ಹಾಲಿನ ಪುಡಿಗೂ ಹಾಲಿನ ಬಾಟಲಿಗೂ ಜಾಹೀರಾತು ಮಾಡುವಂತಿಲ್ಲ, ತಾಯಂದಿರಿಗೆ ಪುಕ್ಕಟೆ ಮಾದರಿ ಹಂಚುವಂತಿಲ್ಲ, ಮಾರಾಟ ಹೆಚ್ಚಿಸಲು ಬಹುಮಾನ ಕೊಡುವಂತಿಲ್ಲ. ಔಷಧದ ಅಂಗಡಿ, ಕಿರಾಣಿ ಅಂಗಡಿ ಇಟ್ಟ ನಮ್ಮ ವ್ಯಾಪಾರಿ ಬಂಧುಗಳು ಇದನ್ನು ತಿಳಿದಿರಲಿ. ಕಂಪನಿಯ ಮನುಷ್ಯ ಚಂದದ ಫಲಕ ತಂದು ತೂಗುಹಾಕೆಂದರೆ ಬೇಡವೆನ್ನಿರಿ. ನಳಕ್ಕೆ ದಿನಾ ನೀರು ಬಾರದ ಓಣಿಗಳಲ್ಲಿ ಬಾಟಲಿಯನ್ನು ಕುದಿಸಿ ತೊಳೆಯುವುದು ಎಷ್ಟು ಸುಲಭ ಎಂಬುದನ್ನು ನೀವೇ ಬಲ್ಲಿರಿ. ಕೂಲಿಕಾರನ ಪಗಾರದಿಂದ ಕೊಂಡ ಡಬ್ಬಿ, ತಾಯಿಯ ಬಳಿ ಬೆಲೆಯಿಲ್ಲದೆ ಸಿಗುವ ಹಾಲಿಗೆ ಸಮನಾಗದು.

ಕೆಲಸದ ಜಾಗದ ಮಾತೂ ಇದೆ. ಗಿರಣಿಯ ಹೆಣ್ಣುಮಕ್ಕಳಿಗೆ ಹೆರಿಗೆಯ ಸೌಲಭ್ಯ ಪುಕ್ಕಟೆ ಬಂದದ್ದಲ್ಲ. ನಾವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ೧೯೨೮ರಲ್ಲಿ, ಮುಂಬಯಿಯ ಶಾಸನ ಸಭೆಯಲ್ಲಿ ಈ ಮಸೂದೆಯ ಪರವಾಗಿ ಡಾ. ಬಾಬಾಸಾಹೇಬ ಅಂಬೇಡ್ಕರರು ಮಾತನಾಡಿದರು. ಹೆರಿಗೆಯ ಹೊತ್ತಿನಲ್ಲಿ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತದ ಮಾತು ಎಂಬುದು ಅವರ ವಾದವಾಗಿತ್ತು. ೧೯೨೯ರಲ್ಲಿ ಕಾಯ್ದೆ ಬಂದಿತು. ಸ್ವಾತಂತ್ರ್ಯದ ನಂತರ ೧೯೬೧ರ ಕಾಯ್ದೆ ಬಂದಿತು. ಕೂಸಿಗೆ ೧೫ ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲು ಕುಡಿಸಲು ಬಿಡುವು ಕೊಡಬೇಕೆಂದು ಹೇಳಿತು. ೨೦೧೭ರ ತಿದ್ದುಪಡಿ ಮೊದಲ ಎರಡು ಹೆರಿಗೆಗಳಿಗೆ ೨೬ ವಾರಗಳ ಪಗಾರದ ಸೂಟಿ ಕೊಟ್ಟಿತು. ೫೦ ಮತ್ತು ಹೆಚ್ಚು ಜನ ಕೆಲಸ ಮಾಡುವಲ್ಲಿ ಕೂಸುಗಳಿಗೆ ಪಾಲನೆಯ ಮನೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಎಂದಿತು. ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿ ಈ ಹಕ್ಕುಗಳು ಸೇರಿವೆ. ಹೊಸ ಸಂಹಿತೆಗಳ ಬಗ್ಗೆ ನಮ್ಮ ತಕರಾರುಗಳು ಬೇರೆ ಇವೆ, ಅವು ಇರಲಿ. ಕೊಟ್ಟ ಹಕ್ಕನ್ನಂತೂ ಬಿಡಬಾರದು. ನಿಮ್ಮ ಗಿರಣಿಯಲ್ಲಿ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಆ ಬಿಡುವು ಇದೆಯೇ, ಆ ಮನೆ ಇದೆಯೇ ಎಂದು ಯೂನಿಯನ್ನು ಕೇಳಲಿ.

ಆದರೆ ದುರ್ಗದಬೈಲಿನಲ್ಲಿ ಹೂವು ಮಾರುವವಳಿಗೆ ಮಾಲೀಕನಿಲ್ಲ, ಹಾಜರಿ ಪುಸ್ತಕವಿಲ್ಲ, ಬಿಡುವಿನ ಗಂಟೆಯಿಲ್ಲ. ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊರುವವಳಿಗೆ ಸಿಮೆಂಟಿನ ಚೀಲದ ನೆರಳೇ ತೊಟ್ಟಿಲು. ಇವರಿಗೆ ಬೀದಿಯೇ ಕಾರ್ಖಾನೆ. ಆದುದರಿಂದ ಬೀದಿಯಲ್ಲಿ ಹಾಲೂಡಿಸುವ ಹಕ್ಕೇ ಇವರ ಪಾಲಿನ ಹೆರಿಗೆ ಕಾಯ್ದೆ.

ನ್ಯಾಯಾಲಯಗಳೂ ಈ ಮಾತನ್ನು ಹೇಳಿವೆ. ಬೆಂಗಳೂರಿನ ಆಸ್ಪತ್ರೆಯಿಂದ ಕಳುವಾಗಿ ಕೊಪ್ಪಳದಲ್ಲಿ ಬೆಳೆದ ಒಂದು ಕೂಸಿನ ಪ್ರಕರಣದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು ೨೦೨೧ರಲ್ಲಿ ತೀರ್ಪು ಕೊಟ್ಟರು. ಎದೆಹಾಲು ಕುಡಿಸುವುದು ತಾಯಿಯಿಂದ ಕಿತ್ತುಕೊಳ್ಳಲಾಗದ ಹಕ್ಕು. ಸಂವಿಧಾನದ ೨೧ನೆಯ ವಿಧಿಯ ರಕ್ಷಣೆ ಅದಕ್ಕಿದೆ ಎಂದರು. ೨೦೨೫ರ ಫೆಬ್ರುವರಿ ೧೯ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರೂ ನ್ಯಾಯಮೂರ್ತಿ ಪಿ.ಬಿ. ವರಾಳೆ ಅವರೂ ಕೂಡಿದ ಪೀಠ ಇನ್ನೂ ಮುಂದೆ ಹೋಯಿತು. ಸಾರ್ವಜನಿಕ ಜಾಗದಲ್ಲಿ, ಕೆಲಸದ ಜಾಗದಲ್ಲಿ ಎದೆಹಾಲು ಕುಡಿಸುವುದನ್ನು ಕಳಂಕವೆಂದು ಕಾಣಕೂಡದು, ಈಗಿರುವ ಸಾರ್ವಜನಿಕ ಕಟ್ಟಡಗಳಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಜಾಗ ಮಾಡಿಕೊಡಬೇಕು, ಹೊಸದಾಗಿ ಕಟ್ಟುವವುಗಳಲ್ಲಿ ಮೊದಲೇ ಜಾಗ ಮೀಸಲಿಡಬೇಕು ಎಂದು ಹೇಳಿತು. ನೆರೆಯ ತಮಿಳುನಾಡು ಸರಕಾರ ೨೦೧೫ರ ಆಗಸ್ಟಿನಲ್ಲಿಯೇ ಬಸ್ ನಿಲ್ದಾಣಗಳಲ್ಲಿ ಇಂಥ ೩೫೦ಕ್ಕೂ ಹೆಚ್ಚು ಕೋಣೆಗಳನ್ನು ತೆರೆಯಿತು. ಕೆಲಸ ಅಸಾಧ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಒಂದು ಎಚ್ಚರಿಕೆ. ಕೋಣೆ ಕೊಟ್ಟೆವೆಂದು ಅದನ್ನು ಹೊಸ ಪರದೆಯನ್ನಾಗಿ ಮಾಡಬಾರದು. “ಅಲ್ಲಿ ಕೋಣಿ ಐತಲ್ಲವಾ, ಇಲ್ಲಿ ಯಾಕ ಕುಂತಿ?” ಎಂದು ಕೇಳುವ ಕಾಲ ಬರಕೂಡದು. ಕೋಣೆ ಬೇಕೆನ್ನುವವಳಿಗೆ ಕೋಣೆ. ಬೆಂಚು ಸಾಕೆನ್ನುವವಳಿಗೆ ಬೆಂಚು. ಆಯ್ಕೆ ತಾಯಿಯದು. ಕೂಸಿನ ಹಸಿವೆ ಕೋಣೆಯ ಬೀಗದ ಕೈ ಹುಡುಕುವ ತನಕ ಕಾಯುವುದಿಲ್ಲ.

ಇನ್ನು ಹೊಸ ತಾಯಂದಿರಿಗೆ ನಾಲ್ಕು ಮಾತು. ಹೆತ್ತು ಬೆಳೆಸಿದ ಹೆಣ್ಣುಮಕ್ಕಳಿಂದ ಕೇಳಿ ತಿಳಿದದ್ದನ್ನು ಇಲ್ಲಿ ಕೊಡುತ್ತೇವೆ. ಮೊದಲು ಮನೆಯಲ್ಲಿ ಅಕ್ಕತಂಗಿಯರ, ನೆರೆಯವರ ಎದುರಿಗೆ ಕುಳಿತು ಕುಡಿಸಿ ರೂಢಿ ಮಾಡಿಕೊಳ್ಳಿರಿ. ಕೈ ಪಳಗಿದರೆ ಅಂಜಿಕೆ ಅರ್ಧ ಹೋಗುತ್ತದೆ. ಮೊದಲ ಸಲ ಹೊರಗೆ ಹೋಗುವಾಗ ಅವ್ವನನ್ನೋ ಅತ್ತೆಯನ್ನೋ ಗೆಳತಿಯನ್ನೋ ಜೊತೆಗೆ ಕರೆದುಕೊಳ್ಳಿರಿ. ಕೂಸು ಬಾಯಿ ತೆರೆದು ಹುಡುಕಾಡುವುದು, ಮುಷ್ಟಿಯನ್ನು ಬಾಯಿಗೆ ಒಯ್ಯುವುದು ಹಸಿವೆಯ ಗುರುತು; ಅಳು ಎಂಬುದು ಕಡೆಯ ಗುರುತು. ಅಳುವ ಮೊದಲೇ ಎದೆಗೆ ಹಾಕಿಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ, ಕೂಸೂ ಸಮಾಧಾನದಿಂದ ಕುಡಿಯುತ್ತದೆ. ಬೆನ್ನಿಗೆ ಗೋಡೆ ಸಿಗುವ ಜಾಗ ನೋಡಿರಿ. ಚೂಡಿದಾರ ಹಾಕುವವರು ಮುಂದೆ ಗುಂಡಿಯಿರುವ ಅಂಗಿ ಹೊಲಿಸಿಕೊಳ್ಳಿರಿ, ಓಢಣಿ ಅಗಲವಿರಲಿ. ಮರೆ ಬೇಕೆನಿಸಿದರೆ ಮಾಡಿಕೊಳ್ಳಿರಿ. ಕೂಸಿನ ಮುಖಕ್ಕೆ ಗಾಳಿ ಬರುತ್ತಿರಲಿ. ಯಾರಾದರೂ ಮಾತೆತ್ತಿದರೆ “ಕೂಸು ಉಣ್ಣಾಕತ್ತೈತಿ” ಎಂದಷ್ಟೇ ಹೇಳಿರಿ. ಅದಕ್ಕಿಂತ ದೊಡ್ಡ ಜವಾಬು ಯಾವ ಭಾಷೆಯಲ್ಲೂ ಇಲ್ಲ.

ಆದರೆ ತಾಯಿಗೆ ಧೈರ್ಯ ಹೇಳಿ ಕೈ ತೊಳೆದುಕೊಂಡರೆ ನಮ್ಮ ಕೆಲಸ ಮುಗಿಯಲಿಲ್ಲ. ಆಕೆಯ ಧೈರ್ಯ ಅರ್ಧ ಆಕೆಯಲ್ಲಿದೆ, ಅರ್ಧ ಸುತ್ತಲಿನವರಲ್ಲಿದೆ. ಕಾರ್ಮಿಕ ಬಂಧುಗಳೇ, ಹೆಂಡತಿ ಬಸ್ಸಿನಲ್ಲಿ ಕೂಸಿಗೆ ಹಾಲು ಕುಡಿಸುವಾಗ ಮುಖ ತಿರುಗಿಸಿ ಬೇರೆಯವರಂತೆ ನಿಲ್ಲಬೇಡಿರಿ. ಚೀಲ ನೀವು ಹಿಡಿಯಿರಿ, ಪಕ್ಕದಲ್ಲಿ ನಿಲ್ಲಿರಿ. ಕಂಡಕ್ಟರ ಬಂಧುಗಳೇ, ಕೂಸು ಎತ್ತಿಕೊಂಡವಳಿಗೆ ಮೊದಲು ಕಿಟಕಿಯ ಪಕ್ಕದ ಸೀಟು ಕೊಡಿಸಿರಿ. ಅಂಗಡಿಕಾರ ಬಂಧುಗಳೇ, ನಿಮ್ಮ ಅಂಗಡಿಯೊಳಗೆ ಒಂದು ಸ್ಟೂಲು, ಒಂದು ತಂಬಿಗೆ ನೀರು ಇರಲಿ. “ಬರ್ರಿ ಅಕ್ಕಾರ, ಒಳಗ ಕುಂದರ್ರಿ, ಕೂಸಿಗೆ ಹಾಲು ಕುಡಸ್ರಿ” ಎಂಬ ಒಂದು ಮಾತಿಗೆ ಬಂಡವಾಳ ಬೇಕಿಲ್ಲ, ಲೈಸೆನ್ಸು ಬೇಕಿಲ್ಲ. ಆಕೆ ಏನನ್ನೂ ಕೊಳ್ಳದೆ ಹೋದರೂ ನಿಮ್ಮ ಅಂಗಡಿಯ ಹೆಸರು ನಾಲ್ಕು ಓಣಿಗೆ ಮುಟ್ಟುತ್ತದೆ.

ಮೊಬೈಲಿನಲ್ಲಿ ಚಿತ್ರ ತೆಗೆಯುವ ಪುಂಡರಿಗೂ ಒಂದು ಮಾತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ೬೬-ಇ ಕಲಮಿನ ಪ್ರಕಾರ ಒಪ್ಪಿಗೆಯಿಲ್ಲದೆ ಹೆಣ್ಣಿನ ಎದೆಯಂಥ ಖಾಸಗಿ ಅಂಗದ ಚಿತ್ರ ತೆಗೆದು ಆಕೆಯ ಮಾನಕ್ಕೆ ಕೈ ಹಾಕಿದರೆ ಮೂರು ವರ್ಷದ ತನಕ ಸೆರೆ, ಎರಡು ಲಕ್ಷ ರೂಪಾಯಿಯ ತನಕ ದಂಡ. ಸಾರ್ವಜನಿಕ ಜಾಗ ಎಂಬ ನೆವ ಅಲ್ಲಿ ನಡೆಯುವುದಿಲ್ಲ. ಪಕ್ಕದಲ್ಲಿದ್ದವರು ಸುಮ್ಮನಿರಬೇಡಿರಿ, ಅವನ ಕೈ ಹಿಡಿದು ಪೊಲೀಸರಿಗೆ ಒಪ್ಪಿಸಿರಿ.

ಮಹಾನಗರ ಪಾಲಿಕೆಯ ಮುಂದೆ, ವಾಯವ್ಯ ಸಾರಿಗೆ ಸಂಸ್ಥೆಯ ಮುಂದೆ, ರೈಲ್ವೆಯವರ ಮುಂದೆ ನಾವಿಡುವ ಬೇಡಿಕೆಗಳು ದೊಡ್ಡವಲ್ಲ. ಪ್ರತಿಯೊಂದು ನಿಲ್ದಾಣದಲ್ಲಿ, ಪ್ರತಿಯೊಂದು ಮಾರುಕಟ್ಟೆಯಲ್ಲಿ, ಪ್ರತಿಯೊಂದು ಸರಕಾರಿ ಕಚೇರಿಯಲ್ಲಿ ಒಂದು ಜಾಗ. ಅದು ಶೌಚಾಲಯಕ್ಕೆ ಅಂಟಿಕೊಂಡಿರಬಾರದು. ಬೆನ್ನು ಆನಿಸಲು ಬರುವ ಬೆಂಚು, ಒಂದು ಫ್ಯಾನು, ಕುಡಿಯುವ ನೀರು, ಕನ್ನಡದಲ್ಲಿ ಬರೆದ ಫಲಕ. ಬಾಗಿಲಿಗೆ ಬೀಗ ಬೇಡ. ಬೀಗ ಹಾಕಲೇಬೇಕಾದರೆ ಅದರ ಕೈ ಹೆಣ್ಣುಮಗಳೊಬ್ಬಳ ಬಳಿ ಇರಲಿ. ಈಗಾಗಲೇ ಇರುವ ಕಡೆ ಅದು ತೆರೆದಿದೆಯೇ, ಗೋದಾಮಾಗಿದೆಯೇ ಎಂಬುದನ್ನು ಪ್ರತಿ ವಾರ್ಡಿನ ಸದಸ್ಯರು ಸ್ವತಃ ಹೋಗಿ ನೋಡಲಿ. ಹಳ್ಳಿಗಳಿಗಾಗಿ ಸರಕಾರ ೨೦೨೩ರಲ್ಲಿ “ಕೂಸಿನ ಮನೆ” ಎಂಬ ಯೋಜನೆ ಸಾರಿತು. ಹೆಸರು ಚೆನ್ನಾಗಿದೆ. ಊರಿನ ಮಾರುಕಟ್ಟೆಗಳಲ್ಲಿ ದುಡಿಯುವ ತಾಯಂದಿರಿಗೂ ಅಂಥ ಮನೆ ಬೇಕು.

ಬರುವ ಆಗಸ್ಟ್ ೧ರಿಂದ ೭ರ ತನಕ ಎಂದಿನಂತೆ ಲೋಕದಾದ್ಯಂತ ಎದೆಹಾಲಿನ ಸಪ್ತಾಹ ನಡೆಯುತ್ತದೆ. ಸಭೆಗಳಾಗುತ್ತವೆ, ಹಾರ ತುರಾಯಿಗಳಾಗುತ್ತವೆ. ಅಷ್ಟರೊಳಗೆ ನಮ್ಮ ಕಾರ್ಯಕರ್ತರು ತಮ್ಮ ತಮ್ಮ ಓಣಿಯ ಹತ್ತು ಅಂಗಡಿಗಳಲ್ಲಿ ಹತ್ತು ಸ್ಟೂಲು ಹಾಕಿಸಲಿ, ತಮ್ಮ ಗಿರಣಿಯಲ್ಲಿ ಬಿಡುವಿನ ಹಕ್ಕನ್ನು ಕೇಳಲಿ, ಪಾಲಿಕೆಗೆ ಅರ್ಜಿ ಕೊಡಲಿ. ತಾಯಿ ತಲೆ ಎತ್ತಿ ಕುಳಿತು ಕೂಸಿಗೆ ಹಾಲು ಕುಡಿಸಲಾರದ ಊರು ಎಷ್ಟು ಮಹಡಿ ಕಟ್ಟಿದರೂ ಸುಧಾರಿಸಿದ ಊರಲ್ಲ. ಆಕೆಗೆ ಜಾಗ ಬಿಡಿ, ನೋಟ ತಿರುಗಿಸಿ, ಕೂಸು ಉಣ್ಣಲಿ.